ಹೆಗಲ ಮೇಲಣ ಧ್ವನಿಮಿಶ್ರಣ ಯಂತ್ರ

ಮಿಕ್ಸರ್ ಎಂದೊಡನೆ ನಮ್ಮ ಗೃಹಿಣಿಯರಿಗೆ ಅಡುಗೆಮನೆಯ ಅರೆಯುವ ಯಂತ್ರವೇ ನೆನಪಿಗೆ ಬರುವುದು ಸಹಜವು. ನಾವೀಗ ಹೇಳಹೊರಟಿರುವುದಾದರೋ, ಚಲನಚಿತ್ರದವರೂ ವಾರ್ತೆಯವರೂ ಹೆಗಲಿಗೆ ತೂಗಹಾಕಿಕೊಂಡು ಹೋಗುವ, ಧ್ವನಿಗಳನ್ನು ಬೆರೆಸುವ ಮಿಕ್ಸರನ್ನು ಕುರಿತು.

ಶಬ್ದವು ಹುಟ್ಟಿ ನಶಿಸತಕ್ಕದ್ದೆಂದು ನೈಯಾಯಿಕರೂ, ನಿತ್ಯವೆಂದು ಮೀಮಾಂಸಕರೂ ವಾದಿಸಿರುವರಷ್ಟೆ. ಬಯಲಿನಲ್ಲಿ ಧ್ವನಿಮುದ್ರಣ ಮಾಡುವವನು ಮಾತ್ರ ನೈಯಾಯಿಕರ ಪಕ್ಷವನ್ನೇ ಹಿಡಿಯಬೇಕು; ಆಡಿದ ಮಾತು ಅದೇ ಭಾವದಿಂದ ಮರಳಿ ಬಾರದು. ನಾವು ಕೇಳುವಾಗ ಮನಸ್ಸು ಬೇಡದ ಸದ್ದನ್ನು ಬಿಟ್ಟು ಬೇಕಾದುದನ್ನು ಹಿಡಿಯುವುದು. ಮೈಕ್ರೋಫೋನಿಗೆ ಈ ವಿವೇಕವಿಲ್ಲ. ಗಾಳಿ, ವಾಹನ, ಮಾತು ಎಲ್ಲವೂ ಅದಕ್ಕೆ ಒಂದೇ. ಮನುಷ್ಯನು ತನ್ನ ವಿವೇಕವನ್ನು ಯಂತ್ರಕ್ಕೆ ಎರವಲು ಕೊಡುವ ಸ್ಥಾನವೇ ಮಿಕ್ಸರ್.

ನಿದರ್ಶನಕ್ಕೆ ಅಮೆರಿಕೆಯ ಸೌಂಡ್ ಡಿವೈಸಸ್ ಸಂಸ್ಥೆಯವರು ರೂಪಿಸಿದ 302 ಎಂಬ ಮಿಕ್ಸರನ್ನು ತೆಗೆದುಕೊಳ್ಳೋಣ. ಇದಕ್ಕೆ 3 ಮೈಕ್ರೋಫೋನುಗಳನ್ನು ಜೋಡಿಸಬಹುದು. 3 ಸಣ್ಣ ಬ್ಯಾಟರಿಗಳಿಂದಲೇ ಇದು ನಡೆಯುವುದು. ಮೈಕ್ರೋಫೋನಿನಿಂದ ಬರುವ ವಿದ್ಯುತ್ತು ಅತಿ ಕ್ಷೀಣವಾದುದು; ಮೊದಲು ಅದನ್ನು ವರ್ಧಿಸಬೇಕು. ಕಂಡೆನ್ಸರ್ ಜಾತಿಯ ಮೈಕುಗಳಿಗೆ 48 ವೋಲ್ಟುಗಳ ವಿದ್ಯುತ್ತನ್ನು ಮಿಕ್ಸರೇ ಒದಗಿಸುವುದು. ಗಾಳಿಯ ಮೊರೆತ, ವಾಹನಗಳ ಗುಡುಗುಗಳಂಥ ತಗ್ಗುಧ್ವನಿಗಳನ್ನು ಶೋಧಕವು ತಗ್ಗಿಸುವುದು. ಮಾತನಾಡುತ್ತಿದ್ದವನು ಥಟ್ಟನೆ ಕೂಗಿದರೆ ಲಿಮಿಟರು ಧ್ವನಿಯನ್ನು ಮಿತಿಯೊಳಗೆ ಹಿಡಿಯುವುದು. ಒಂದೊಂದು ಮೈಕಿಗೂ ಬೇರೆ ಬೇರೆ ತಿರುಗುಗುಂಡಿಯಿರುವುದರಿಂದ ಮೆಲುದನಿಯವರನ್ನೂ ಗಟ್ಟಿದನಿಯವರನ್ನೂ ಸಮತೂಕಕ್ಕೆ ತರಬಹುದು. ಇವೆಲ್ಲಕ್ಕೂ ಮಿಗಿಲಾದುದು ಹೆಡ್‌ಫೋನು. ತಪ್ಪನ್ನು ತಿದ್ದಲು ಅವಕಾಶವಿರುವಾಗಲೇ ಅದು ತಿಳಿಸುವುದು.

ಅದೇ ಸಂಸ್ಥೆಯವರು 2019ರಲ್ಲಿ ಹೊರತಂದ ಮಿಕ್ಸ್‌ಪ್ರೀ ಯಂತ್ರಗಳ ಎರಡನೆಯ ಶ್ರೇಣಿಯು 32 ಬಿಟ್ ಫ್ಲೋಟ್ ಎಂಬ ಕ್ರಮದಿಂದ ತಾನೇ ಮುದ್ರಿಸಿಕೊಳ್ಳುವುದು. ಪಿಸುಮಾತನ್ನೂ ಕೂಗನ್ನೂ ಆಮೇಲೆ ಸರಿಯಾದ ಮಟ್ಟಕ್ಕೆ ತರಲು ಇದರಲ್ಲಿ ಸಾಧ್ಯ. ಆದರೂ ದೂರದಲ್ಲಿಟ್ಟ ಮೈಕನ್ನು ಯಾವ ಗಣಿತವೂ ಹತ್ತಿರಕ್ಕೆ ತಾರದು.

ನಟರನ್ನು ಸ್ಟುಡಿಯೋದಲ್ಲಿ ಪುನಃ ನುಡಿಸಿ ಚಿತ್ರಕ್ಕೆ ಹೊಂದಿಸುವುದು ಬಹುಕಾಲ ನಮ್ಮ ದೇಶದ ರೂಢಿಯಾಗಿತ್ತು. 2001ರಲ್ಲಿ ತೆರೆಕಂಡ ಲಗಾನ್ ಎಂಬ ಹಿಂದೀ ಚಿತ್ರದಲ್ಲಿ ಕಚ್ಛದ ಬಯಲಿನಲ್ಲಿ ಆಡಿದ ಮಾತುಗಳನ್ನು ಅಲ್ಲಿಯೇ ಮುದ್ರಿಸಿದರು. ಧ್ವನಿಗ್ರಹಣಕ್ಕಾಗಿ ಅದಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

ನಟನನ್ನಾದರೂ ಮತ್ತೆ ಕರೆತಂದು ನುಡಿಸಬಹುದು. ಮನೆಯ ಅಜ್ಜಿಯು ಹಾಡುವ ಬೀಸುವ ಪದಕ್ಕೆ, ಅಜ್ಜನು ಹೇಳುವ ವಂಶದ ಕಥೆಗೆ ಮರುನುಡಿತವೆಲ್ಲಿಯದು? ಅವರ ದನಿಯನ್ನು ಉಳಿಸಬಯಸುವ ಗೃಹಸ್ಥರು ದುಬಾರಿಯ ಮಿಕ್ಸರನ್ನು ಕೊಳ್ಳಲೇಬೇಕೆಂದೇನೂ ಇಲ್ಲ. ಬೀಸಣಿಗೆಯ ಯಂತ್ರವನ್ನು ನಿಲ್ಲಿಸಿರಿ. ಮೈಕನ್ನು ಬಾಯಿಗೆ ಸಮೀಪದಲ್ಲಿಡಿರಿ. ನಾಲ್ಕು ಮಾತು ಮುದ್ರಿಸಿ, ಹೆಡ್‌ಫೋನಿನಿಂದ ಕೇಳಿ ನೋಡಿ ಅನಂತರ ಮುಂದುವರಿಯಿರಿ. ಯಂತ್ರವು ಕಿರಿದಾದರೂ ಕೇಳುವ ಕಿವಿಯು ಎಚ್ಚರವಾಗಿದ್ದರೆ ಸಾಕು. ಆದರೆ ಆ ಕಾರ್ಯವನ್ನು ಮುಂದಿನ ಹಬ್ಬಕ್ಕೆಂದು ಮುಂದೂಡದಿರಿ.