ಮುದುಕರ ಮರೆವು ಮತ್ತು ಮನೆಮಾತು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ರೂಢಿಯಾಗಿದೆ. ಆದರೆ ಮನೆಯ ದಾರಿಯನ್ನೂ ಮಕ್ಕಳ ಗುರುತನ್ನೂ ಅಳಿಸಿಹಾಕುವ ಮರೆವು ವಯೋಧರ್ಮವಲ್ಲ. ಅದು ಮೆದುಳಿನ ರೋಗದ ಫಲ. ವೈದ್ಯರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಪರಭಾಷೆಯವರ ನಡುವೆ ಬಾಳುವ ಹಿರಿಯರಲ್ಲಿ ಇದನ್ನು ಕಂಡುಹಿಡಿಯುವ ಬಗೆ ಹೇಗೆ? ಹೊರನಾಡಿನಲ್ಲಿ ನೆಲಸಿದ ನಮಗೆ ಇದು ದೂರದ ಪ್ರಶ್ನೆಯಲ್ಲ.

1975ರಲ್ಲಿ ಅಮೆರಿಕದಲ್ಲಿ ರಚಿತವಾದ ಸ್ಮರಣಪರೀಕ್ಷೆಯೊಂದು ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿತು. ಅದರಲ್ಲಿ ರೋಗಿಯು ಒಂದು ವಾಕ್ಯವನ್ನು ಬರೆಯಬೇಕು. ನೂರರಿಂದ ಏಳೇಳನ್ನು ಕಳೆಯುತ್ತ ಬರಬೇಕು, ಇಲ್ಲವೆ ಇಂಗ್ಲಿಷ್ ಶಬ್ದವೊಂದರ ಅಕ್ಷರಗಳನ್ನು ಕೊನೆಯಿಂದ ಹೇಳಬೇಕು. ಶಾಲೆಯ ಮೆಟ್ಟಿಲನ್ನೇ ತುಳಿಯದ ಅಜ್ಜಿ ಇದರಲ್ಲಿ ಸೋತರೆ, ಅದಕ್ಕೆ ಕಾರಣ ರೋಗವೋ, ಓದಿಲ್ಲದಿರುವುದೋ?

ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ನಾನಾ ದೇಶಗಳಿಂದ ವಲಸೆ ಬಂದವರಿದ್ದಾರೆ. ಅಲ್ಲಿನ ವೈದ್ಯರು ಆ ಸಮಾಜಗಳನ್ನು ಬಲ್ಲವರೊಡನೆ ಸಮಾಲೋಚಿಸಿ, 2004ರಲ್ಲಿ ‘ರೂಡಾಸ್’ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಚಹಾ, ಅಡುಗೆ ಎಣ್ಣೆ, ಮೊಟ್ಟೆ, ಸಾಬೂನು—ಅಂಗಡಿಯಿಂದ ತರಬೇಕಾದ ಈ ನಾಲ್ಕನ್ನು ನೆನಪಿಡಬೇಕು. ಸಿಗ್ನಲ್ ದೀಪವಿಲ್ಲದ, ವಾಹನಗಳ ಸಂದಣಿಯ ರಸ್ತೆಯನ್ನು ಕ್ಷೇಮವಾಗಿ ದಾಟುವ ಬಗೆಯನ್ನು ಹೇಳಬೇಕು. ಎಲ್ಲ ನಾಡಿನವರಿಗೂ ಪರಿಚಿತವಾದ, ಯಾವ ಭಾಷೆಯಲ್ಲಿಯೂ ಕೇಳಬಹುದಾದ ಪ್ರಶ್ನೆಗಳಿವು.

ರೋಗಿಯನ್ನು ಕೇಳಿದರಷ್ಟೇ ಸಾಲದು. ಹಗಲಿರುಳು ಆರೈಕೆ ಮಾಡುವ ಮಡದಿಯನ್ನೂ ಸೊಸೆಯನ್ನೂ ಮಗನನ್ನೂ ಕೇಳಬೇಕು. ಉಂಡವರನ್ನು ಕೇಳದೆ ಅಡುಗೆಯ ದೋಷ ತಿಳಿಯದೆಂಬುದು ಹೋಟೆಲಿನವರಿಗೆ ಹೊಸ ಮಾತಲ್ಲ. ರೋಗಿಗಳಲ್ಲಿ ಮೂರರಲ್ಲೆರಡು ಪಾಲು ಬಡ ರಾಷ್ಟ್ರಗಳಲ್ಲಿದ್ದರೂ ಸಂಶೋಧನೆಯ ಹತ್ತರಲ್ಲೊಂದು ಪಾಲೂ ಅವರನ್ನು ಕುರಿತಿಲ್ಲವೆಂಬ ಕೊರಗಿನಿಂದ, 1998ರಲ್ಲಿ ಕೊಚ್ಚಿಯಲ್ಲಿ ಸಂಶೋಧಕರ ಬಳಗವೊಂದು ಹುಟ್ಟಿತು. 2008ರಲ್ಲಿ ಪ್ರಕಟವಾದ ಗೋವೆಯ ಅಧ್ಯಯನವು 81 ಕುಟುಂಬಗಳನ್ನು ಒಳಗೊಂಡಿತ್ತು. ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಮನೆಗಳಿಗೆ ಹೋಗಿ ತಿಳುವಳಿಕೆ ನೀಡಿದಾಗ, ಆರೈಕೆ ಮಾಡುವವರ ಮನೋಕ್ಲೇಶ ತಗ್ಗಿದ್ದು ಕಂಡುಬಂದಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಸಿದ್ಧವಾಗಿ 2020ರಲ್ಲಿ ಪ್ರಕಟವಾದ ಪರೀಕ್ಷಾಮಾಲೆಯು ಹಿಂದಿ, ಬಂಗಾಳಿ, ತೆಲುಗು, ಮಲೆಯಾಳಗಳಂತೆ ಕನ್ನಡದಲ್ಲಿಯೂ ಇದೆ. ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ನೆಲಸಿದ ವಾಚಕರು ಇದನ್ನು ಮನದಲ್ಲಿಡತಕ್ಕದ್ದು. ತಡವಾಗಿ ಕಲಿತ ಭಾಷೆ ಮೊದಲು ಮಾಸಿ, ಬಾಲ್ಯದ ಮಾತು ಉಳಿಯುವುದು ಅನೇಕ ರೋಗಿಗಳಲ್ಲಿ ಕಂಡುಬಂದಿದೆ. ಊರಿನಿಂದ ಕರೆತಂದ ತಾಯಿಗೆ ವೈದ್ಯರು ಹಿಂದಿಯಲ್ಲಿ ಪ್ರಶ್ನೆ ಹಾಕಿದಾಗ, ಆಕೆಯ ಮೌನವನ್ನೇ ರೋಗವೆಂದು ಬಗೆಯುವ ಅಪಾಯವುಂಟು. ಭಾಷೆ ತಿಳಿಯದೆಂದು ನಿಜವಾದ ರೋಗವನ್ನು ಕಡೆಗಣಿಸುವ ಅಪಾಯವೂ ಉಂಟು. ಆಕೆಯ ಮನೆಮಾತು ಕನ್ನಡವೋ ತುಳುವೋ ಕೊಂಕಣಿಯೋ ಎಂಬುದನ್ನು ಮೊದಲೇ ತಿಳಿಸಿರಿ. ಆ ಮಾತಿನಲ್ಲಿಯೇ ಪರೀಕ್ಷೆ ನಡೆಸುವಂತೆ ವಿನಯದಿಂದ, ಆದರೆ ದೃಢವಾಗಿ ಕೇಳಿರಿ.

ಸಂಶೋಧಕರು ಮನೆಬಾಗಿಲಿಗೆ ಬಂದರೆ, ಮರ್ಯಾದೆ ಹೋದೀತೆಂದು ಮುದುಕರನ್ನು ಒಳಕೋಣೆಯಲ್ಲಿ ಬಚ್ಚಿಡಬೇಡಿರಿ. ಉದ್ದೇಶವೇನು, ತೊಂದರೆಯೇನು ಎಂದು ವಿಚಾರಿಸಿರಿ. ರೋಗಿಯ ಇಷ್ಟವನ್ನೂ ತಿಳಿಯಿರಿ. ಒಪ್ಪಿದ ಮೇಲೆಯೂ ಹೊರಬರುವ ಹಕ್ಕು ಉಂಟು. ನಮ್ಮ ಕಷ್ಟವನ್ನು ನಾವೇ ಹೇಳದಿದ್ದರೆ, ಅದು ಯಾವ ಲೆಕ್ಕಕ್ಕೂ ಸೇರದು.