ತಂದೆಯವರ ಡೈರಿ: ಬಿಚ್ಚಿಡುವುದೋ, ಬಚ್ಚಿಡುವುದೋ?

ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೆಳಿಗ್ಗೆ ಆರು ಗಂಟೆಗೇ ಇಡ್ಲಿಗೆ ಗಿರಾಕಿಗಳು ನಿಂತಿರುತ್ತಾರೆ. ಈ ಹೋಟೆಲನ್ನು ಕಟ್ಟಿ ಬೆಳೆಸಿದ ನಮ್ಮ ತಂದೆಯವರು ಪ್ರತಿ ರಾತ್ರಿ ಷಟರ್ ಎಳೆದ ಮೇಲೆ, ಗಲ್ಲಾದ ಮುಂದೆಯೇ ಕುಳಿತು ಡೈರಿ ಬರೆಯುತ್ತಿದ್ದರು. ಅಂಥ ಹನ್ನೊಂದು ಡೈರಿಗಳು ಅವರ ನಂತರ ನಮ್ಮಿಬ್ಬರು ಸಹೋದರರ ಪಾಲಿಗೆ ಬಂದವು.

ಮನೆಯ ಮಕ್ಕಳದ್ದು ಒಂದೇ ಹಟ: ‘ಅಜ್ಜನ ಡೈರಿಯನ್ನು ಪುಸ್ತಕ ಮಾಡಿ ಗಿರಾಕಿಗಳಿಗೆ ಕೊಡೋಣ, ಹೋಟೆಲಿಗೂ ಹೆಸರು ಬರುತ್ತದೆ.’ ನಮ್ಮಲ್ಲಿ ದೊಡ್ಡವರು ತಕ್ಷಣ ಬೇಡವೆಂದರು. ಸಾಂಬಾರ್ ಪುಡಿಯ ಅಳತೆ ಅದರಲ್ಲಿದೆ, ನಾಳೆ ಎದುರಿನ ಹೋಟೆಲಿನಲ್ಲಿ ನಮ್ಮ ಸಾಂಬಾರೇ ಕುದಿಯುತ್ತದೆ ಎಂಬುದು ಅವರ ಭಯ. ಚಿಕ್ಕವರು ಮಕ್ಕಳ ಕಡೆ. ಎರಡು ತಿಂಗಳು ಈ ಚರ್ಚೆ ನಡೆಯಿತು. ನಮ್ಮ ಉದ್ಯಮ ಬಾಂಧವರಲ್ಲಿ ಅನೇಕರ ಮನೆಯಲ್ಲಿಯೂ ಇಂಥ ನೋಟ್‌ಪುಸ್ತಕಗಳು ಇರುವುದರಿಂದ, ನಾವು ಯೋಚಿಸಿದ ದಾರಿಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಗುಟ್ಟು ಕಾಪಾಡುವವರ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮೂರಿನ ಕೈಗಾರಿಕಾ ವಲಯದಲ್ಲಿಯೇ ಇಟಲಿಯ ಫೆರೆರೊ ಕಂಪನಿಯ ಕಾರ್ಖಾನೆ 2011ರಿಂದ ಇದೆ. ಮಕ್ಕಳು ಇಷ್ಟಪಡುವ ಕಿಂಡರ್ ಜಾಯ್ ಇಲ್ಲಿಯೇ ತಯಾರಾಗುತ್ತದೆ. ಆ ಮನೆತನದ ಮಿಕೆಲೆ ಫೆರೆರೊ 2015ರಲ್ಲಿ ತೀರಿಕೊಳ್ಳುವವರೆಗೂ ಪತ್ರಿಕೆಯವರಿಂದ ದೂರವೇ ಇದ್ದವರು. ಗೌಪ್ಯತೆಗೆ ಆ ಕಂಪನಿ ಜಗತ್ಪ್ರಸಿದ್ಧ.

ಬಿಚ್ಚಿಟ್ಟವರು ನಮ್ಮವರಲ್ಲಿಯೇ ಇದ್ದಾರೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂ.ಟಿ.ಆರ್. ಯಾರಿಗೆ ಗೊತ್ತಿಲ್ಲ? ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ ಬಂದವರು, ಶುಚಿತ್ವಕ್ಕೆ ಹೆಸರಾದವರು. ಅವರ ಹೋಟೆಲಿನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಹಾದು ಒಳಗೆ ಹೋಗುವ ವ್ಯವಸ್ಥೆಯಿತ್ತು. ಪಾತ್ರೆ, ಒಲೆ, ಭಟ್ಟರ ಕೈ, ಎಲ್ಲವೂ ಕಣ್ಣೆದುರಿಗೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಗಳ ದರ ಇಳಿಸಿದಾಗ, ಗುಣಮಟ್ಟ ಇಳಿಸಲೊಪ್ಪದೆ, ಆಗುತ್ತಿದ್ದ ನಷ್ಟವನ್ನೇ ಬೋರ್ಡಿನ ಮೇಲೆ ಬರೆದು ಹೊರಗಿಟ್ಟರು. ನಷ್ಟವನ್ನು ಮುಚ್ಚಿಡುವುದು ವ್ಯಾಪಾರಿಯ ಸ್ವಭಾವ; ಅವರು ಅದನ್ನೇ ಬಿಚ್ಚಿಟ್ಟರು, ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಇನ್ನು ಪಾಕವನ್ನು ಬರೆದು ಲೋಕಕ್ಕೆ ಕೊಡುವುದು ಕನ್ನಡಿಗರಿಗೆ ಹೊಸದೇನಲ್ಲ. 1025ರ ಸುಮಾರಿಗೆ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಗೂ ಜಾಗ ಕೊಟ್ಟ. 1508ರ ಸುಮಾರಿಗೆ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಬರೆದ. ಮೈಸೂರು ಅರಮನೆಯ ಕಾಕಾಸುರ ಮಾದಪ್ಪನವರ ಮೈಸೂರು ಪಾಕನ್ನೇ ನೋಡಿ. ಕಡಲೆಹಿಟ್ಟು, ತುಪ್ಪ, ಸಕ್ಕರೆ ಎಂಬುದು ಊರಿಗೆಲ್ಲ ಗೊತ್ತು. ಆದರೂ ಆ ವಂಶಸ್ಥರ ಗುರು ಸ್ವೀಟ್ಸ್ ಅಂಗಡಿಯನ್ನು ಹುಡುಕಿಕೊಂಡು ಜನ ಹೋಗುತ್ತಾರೆ. ಅಳತೆ ಕಾಗದದಲ್ಲಿರುತ್ತದೆ, ಹದ ಕೈಯಲ್ಲಿರುತ್ತದೆ.

ಕಾನೂನು ಏನು ಹೇಳುತ್ತದೆ ಎಂದೂ ವಿಚಾರಿಸಿದೆವು. ಪುಸ್ತಕದ ಬರವಣಿಗೆಗೆ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯುಂಟು. ಆದರೆ ಅದನ್ನು ಓದಿ ಅಡುಗೆ ಮಾಡುವವರನ್ನು ತಡೆಯಲು ಬರುವುದಿಲ್ಲ. ಬರೀ ಪದಾರ್ಥ ಬೆರೆಸಿದ್ದಕ್ಕೆ ಅಥವಾ ಪರಂಪರೆಯಿಂದ ಬಂದ ಪಾಕಕ್ಕೆ ಪೇಟೆಂಟ್ ಸಿಗುವುದಿಲ್ಲ. ಹೋಟೆಲಿನ ಹೆಸರನ್ನು 1999ರ ಟ್ರೇಡ್ ಮಾರ್ಕ್ ಕಾಯಿದೆಯಡಿ ನೋಂದಾಯಿಸಬಹುದು. ವ್ಯಾಪಾರದ ಗುಟ್ಟಿಗೆಂದೇ ಪ್ರತ್ಯೇಕ ಕಾಯಿದೆ ಬೇಕೆಂದು ಕಾನೂನು ಆಯೋಗ 2024ರ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಕೆಲಸ ಬಿಟ್ಟ ಭಟ್ಟರು ಬೇರೆ ಹೋಟೆಲು ಸೇರಬಾರದೆಂದು ಕರಾರು ಬರೆಸಿಕೊಂಡರೂ, 1872ರ ಕರಾರು ಕಾಯಿದೆಯ 27ನೇ ಕಲಮಿನ ಪ್ರಕಾರ ಅದು ನಿಲ್ಲುವುದಿಲ್ಲ. ಒಟ್ಟಿನಲ್ಲಿ, ಗುಟ್ಟು ಗುಟ್ಟಾಗಿರುವವರೆಗೆ ಮಾತ್ರ ಗುಟ್ಟು. ಒಮ್ಮೆ ಅಚ್ಚಾದದ್ದನ್ನು ಹಿಂದಕ್ಕೆ ಪಡೆಯಲಾಗದು.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಇಬ್ಬರೂ ಕುಳಿತು ಹನ್ನೊಂದೂ ಡೈರಿಗಳನ್ನು ಮೊದಲಿನಿಂದ ಓದಿದೆವು. ಆಗ ತಿಳಿಯಿತು, ನಾವು ಜಗಳವಾಡುತ್ತಿದ್ದುದೇ ತಪ್ಪು ವಿಷಯಕ್ಕೆ! ಪಾಕಗಳು ಕಾಲು ಭಾಗವೂ ಇರಲಿಲ್ಲ. ಉಳಿದದ್ದೆಲ್ಲ ಮನುಷ್ಯರು. ಯಾರ ಮನೆಯ ಮದುವೆಗೆ ಎಷ್ಟು ಮುಂಗಡ, ಯಾವ ದೊಡ್ಡ ಮನುಷ್ಯರ ಉದ್ರಿ ಎಷ್ಟು ವರ್ಷದಿಂದ ಬಾಕಿ, ಗಲ್ಲಾದಿಂದ ಹಣ ತೆಗೆದ ಹುಡುಗ ಯಾರು. ಒಂದು ಮಳೆಗಾಲದ ಪುಟದಲ್ಲಿ, ಹೋಟೆಲು ಮುಚ್ಚಿ ಊರಿಗೆ ಹೋಗುವುದೇ ಲೇಸೆಂದು ತಂದೆಯವರು ಬರೆದಿದ್ದರು. ಆ ದಿನ ಅವರು ನಗುತ್ತಲೇ ಮನೆಗೆ ಬಂದಿರಬೇಕು. ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ.

ಸಾಂಬಾರ್ ಪುಡಿ ನಮ್ಮ ಸ್ವತ್ತು, ಕೊಡಬಹುದು, ಬಿಡಬಹುದು. ಆದರೆ ಬೇರೆಯವರ ಕಷ್ಟ ನಮ್ಮ ಸ್ವತ್ತೇ?

ಗಲ್ಲಾದ ಹಣ ತೆಗೆದ ಆ ಹುಡುಗ ಈಗ ಊರಿನಲ್ಲಿ ಮೊಮ್ಮಕ್ಕಳ ಜೊತೆಗಿರುವ ಹಿರಿಯರು. ಮುಂದೆ ನಮ್ಮಲ್ಲಿಯೇ ಇಪ್ಪತ್ತು ವರ್ಷ ಭಟ್ಟರಾಗಿದ್ದವರು. ಊರಿಗೆ ಹೋದಾಗ ಸಂಕೋಚದಿಂದಲೇ ಆ ಪುಟದ ವಿಷಯ ತಿಳಿಸಿದೆವು. ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, ‘ನನ್ನ ಹೆಸರು ಬೇಡ. ಆದರೆ ಧಣಿಗಳು ನನ್ನನ್ನು ಓಡಿಸಲಿಲ್ಲ, ಮರುದಿನ ಒಲೆಯ ಮುಂದೆ ನಿಲ್ಲಿಸಿದರು ಎಂಬುದನ್ನು ಮಾತ್ರ ಬರೆಯಿರಿ’ ಎಂದರು. ನಮ್ಮ ಎರಡು ತಿಂಗಳ ಚರ್ಚೆ ಅಲ್ಲಿಗೆ ತೀರ್ಮಾನವಾಯಿತು.

ಡೈರಿಯನ್ನು ಮೂರು ಪಾಲು ಮಾಡಿದೆವು. ಉದ್ರಿ, ಸಂಬಳ, ಮುಂಗಡ, ಇನ್ನೊಬ್ಬರ ಮನೆಯ ಮಾತು, ಇವೆಲ್ಲ ಕಪಾಟಿನಲ್ಲಿ, ಬೀಗದೊಳಗೆ. ಸಾಂಬಾರ್ ಪುಡಿಯ ಅಳತೆ ಮತ್ತು ಇನ್ನೆರಡು ಪಾಕಗಳು ಮನೆಯವರಿಗೂ ಈಗಿನ ಭಟ್ಟರಿಗೂ ಮಾತ್ರ. ಉಳಿದ ಪಾಕಗಳು, ಹೋಟೆಲು ಕಟ್ಟಿದ ಕಥೆ, ಆ ಮಳೆಗಾಲದ ಪುಟ ಹಾಗೂ ಹೆಸರಿಲ್ಲದ ಹುಡುಗನ ಪ್ರಸಂಗ ಸಣ್ಣ ಪುಸ್ತಕವಾಗಿ ಅಚ್ಚಿಗೆ. ಮಳೆಗಾಲದ ಪುಟದ ಬಗ್ಗೆ ಅಮ್ಮನನ್ನು ಕೇಳಿದೆವು. ಹಾಕಿ ಎಂದರು.

ಗಿರಾಕಿಯ ಹೊಟ್ಟೆಗೆ ಸಂಬಂಧಿಸಿದ ಯಾವುದನ್ನೂ ನಾವು ಗುಟ್ಟಿನ ಪಾಲಿಗೆ ಹಾಕಲಿಲ್ಲ. ಯಾವ ಎಣ್ಣೆ, ಯಾವುದರಲ್ಲಿ ಶೇಂಗಾ ಇದೆ, ಯಾವುದರಲ್ಲಿ ಗೋಡಂಬಿ ಎಂದು ಕೇಳಿದವರಿಗೆ ಹೇಳಲೇಬೇಕು. ಎಫ್.ಎಸ್.ಎಸ್.ಎ.ಐ. ಲೈಸೆನ್ಸ್ ಗೋಡೆಯ ಮೇಲೆ ಕಾಣುವಂತಿರಬೇಕು. 2022ರ ಜನವರಿಯಿಂದ ಅದರ ನಂಬರು ಬಿಲ್ಲಿನ ಮೇಲೂ ಇರಬೇಕೆಂಬ ನಿಯಮವಿದೆ. ಅಳತೆ ಗುಟ್ಟಾಗಿರಲಿ, ಪದಾರ್ಥ ಗುಟ್ಟಾಗಬಾರದು.

ತಮ್ಮ ಮನೆಯ ಕಪಾಟಿನಲ್ಲಿಯೂ ಇಂಥ ಡೈರಿಗಳಿದ್ದರೆ, ಅಚ್ಚು ಹಾಕಿಸುವ ಮುಂಚೆ ಅಥವಾ ಬೀಗ ಹಾಕುವ ಮುಂಚೆ ಒಮ್ಮೆ ಪೂರ್ತಿ ಓದಿ. ಅದರಲ್ಲಿ ಹೆಸರಿರುವವರು ಬದುಕಿದ್ದರೆ ಅವರನ್ನೂ ಒಂದು ಮಾತು ಕೇಳಿ. ನಮ್ಮ ಭಟ್ಟರಂತೆ, ಏನು ಬರೆಯಬೇಕೆಂದು ಅವರೇ ಹೇಳಿಯಾರು.