ಬೂದು ಥರ್ಮಾಕೋಲ್‌ಗೆ ಬೆಂಕಿ ಹತ್ತುವುದಿಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ತಗಡಿನ ಮನೆಗೆ ಒಳಗಿನಿಂದ ಬೂದು ಥರ್ಮಾಕೋಲ್ ಹಚ್ಚಿರಿ. ಏಸಿ ಬೇಕಿಲ್ಲ. ಕಾರ್ಬನ್ ಇರುವುದರಿಂದ ಬೆಂಕಿಯೂ ಹತ್ತುವುದಿಲ್ಲ." ಇಂಥ ಸಂದೇಶ ನಿಮ್ಮ ಫೋನಿಗೆ ಬಂದರೆ ಸ್ವಲ್ಪ ತಡೆಯಿರಿ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಮಲಗುವವರಿಗೆ ಇಂಥ ಮಾತು ಆಸೆ ಹುಟ್ಟಿಸುವುದು ಸಹಜ. ಆದರೆ ಇದರಲ್ಲಿ ಅರ್ಧ ನಿಜ, ಅರ್ಧ ಅಪಾಯ.

ಶಾಖ ತಡೆಯುವುದು ಹೇಗೆ?

ಥರ್ಮಾಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಅದರಲ್ಲಿ ಸುಮಾರು 98 ಭಾಗ ಗಾಳಿಯೇ. ಪುಟ್ಟ ಪುಟ್ಟ ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿ ಅಲುಗಾಡದ ಕಾರಣ ಶಾಖ ನಿಧಾನವಾಗಿ ದಾಟುತ್ತದೆ.

ಬೂದು ಬಣ್ಣ ಯಾಕೆ?

ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಪುಡಿಯನ್ನು ಸ್ವಲ್ಪ ಬೆರೆಸಿರುತ್ತಾರೆ. ಇಂಥ ಬೆರಕೆಗೆ ಫಿಲ್ಲರ್ ಎನ್ನುತ್ತಾರೆ. ಶಾಖ ಕಿರಣಗಳ ರೂಪದಲ್ಲೂ ಸಾಗುತ್ತದೆ. ಬಿಳಿ ಥರ್ಮಾಕೋಲ್‌ನಲ್ಲಿ ಅದರ ಒಂದು ಪಾಲು ನುಸುಳಿಬಿಡುತ್ತದೆ. ಗ್ರಾಫೈಟ್ ಅದನ್ನು ಹೀರಿ, ಚದುರಿಸಿ ತಡೆಯುತ್ತದೆ. ಹೀಗಾಗಿ ಅಷ್ಟೇ ದಪ್ಪದ ಬೂದು ಹಾಳೆ ಸುಮಾರು 15-20% ಹೆಚ್ಚು ಶಾಖ ತಡೆಯಬಲ್ಲದು. ಇಷ್ಟು ನಿಜ.

ಆದರೆ ಇದು ಏಸಿ ಅಲ್ಲ. ಏಸಿ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ. ಥರ್ಮಾಕೋಲ್ ಬರುವ ಶಾಖವನ್ನು ತಡವಾಗಿಸುತ್ತದೆ, ಅಷ್ಟೆ. ರಾತ್ರಿ ಕಿಟಕಿ ತೆರೆಯದಿದ್ದರೆ ಒಳಗಿನ ಸೆಕೆ ಹೊರಹೋಗುವುದೂ ತಡವಾಗುತ್ತದೆ.

ಬೆಂಕಿ ಹತ್ತುವುದಿಲ್ಲವೇ?

ಹತ್ತುತ್ತದೆ. ಗ್ರಾಫೈಟ್ ಇರುವುದು ಕೆಲವೇ ಶೇಕಡಾ, ಉಳಿದದ್ದು ಪ್ಲಾಸ್ಟಿಕ್. ಸುಮಾರು 100 ಡಿಗ್ರಿಗೆ ಅದು ಮೆತ್ತಗಾಗಿ ಕುಗ್ಗುತ್ತದೆ. ಬೆಂಕಿ ತಗುಲಿದರೆ ಕರಗಿ ತೊಟ್ಟಿಕ್ಕುತ್ತದೆ, ದಟ್ಟ ಕಪ್ಪು ಹೊಗೆ ಬರುತ್ತದೆ. ಆ ಹೊಗೆಯಲ್ಲಿ ಉಸಿರು ಕಟ್ಟಿಸುವ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬೆಂಕಿ ನಿಧಾನಿಸಲು ಕೆಲವು ಫೋಮ್‌ಗಳಿಗೆ ಹಾಕುವ, ಶಾಖಕ್ಕೆ ಉಬ್ಬುವ ಗ್ರಾಫೈಟ್ ಬೇರೆಯೇ. 'ಎಫ್‌ಆರ್' ದರ್ಜೆಯ ಥರ್ಮಾಕೋಲ್ ಸಣ್ಣ ಕಿಡಿಗೆ ಬೇಗ ಹತ್ತುವುದಿಲ್ಲ, ದೊಡ್ಡ ಬೆಂಕಿಯಲ್ಲಿ ಅದೂ ಉರಿಯುತ್ತದೆ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. ಅಲ್ಲಿದ್ದದ್ದು ಥರ್ಮಾಕೋಲ್ ಅಲ್ಲ. ಗೋಡೆಯ ಹೊರಗೆ ಹಚ್ಚಿದ್ದ ಪ್ಲಾಸ್ಟಿಕ್ ತಿರುಳಿನ ಹಾಳೆಗಳೇ ಬೆಂಕಿ ಹರಡಲು ಮುಖ್ಯ ಕಾರಣವಾದವು, ಹಿಂದಿದ್ದ ಫೋಮ್ ಅದಕ್ಕೆ ಕೂಡಿತು.

ಹಾಗಾದರೆ ಏನು ಮಾಡಬೇಕು?

• ಮೊದಲು ಮಾಳಿಗೆಗೆ ಸುಣ್ಣ ಅಥವಾ ಬಿಳಿ ಬಣ್ಣ ಬಳಿಯಿರಿ. ಖರ್ಚು ಕಡಿಮೆ.
• ಥರ್ಮಾಕೋಲ್ ಹಾಕುವುದಾದರೆ ಸ್ಲ್ಯಾಬ್ ಮೇಲೆ ಹಾಕಿ ಕಾಂಕ್ರೀಟ್ ಮುಚ್ಚಿಸಿ. ತಗಡಿನ ಕೆಳಗಾದರೆ ಎಫ್‌ಆರ್ ದರ್ಜೆಯದನ್ನೇ ಕೇಳಿ, ಜಿಪ್ಸಂ ಅಥವಾ ಸಿಮೆಂಟ್ ಬೋರ್ಡ್ ಮುಚ್ಚಿಸಿ.
• ಒಲೆ, ಗ್ಯಾಸ್, ದೇವರ ದೀಪದ ಮೇಲೆ ಬೇಡವೇ ಬೇಡ.
• ಕರೆಂಟ್ ವೈರ್ ಅದಕ್ಕೆ ತಾಗಬಾರದು. ತಾಗಿದರೆ ವೈರಿನ ಪಿವಿಸಿ ಹೊದಿಕೆ ಕ್ರಮೇಣ ಗಡುಸಾಗಿ ಬಿರಿಯುತ್ತದೆ. ಪೈಪಿನೊಳಗೆ ಹಾಯಿಸಿ.

ಒಟ್ಟಿನಲ್ಲಿ: ಶಾಖ ತಡೆಯುತ್ತದೆ ಎಂಬುದು ನಿಜ, ಬೆಂಕಿ ಹತ್ತುವುದಿಲ್ಲ ಎಂಬುದು ಸುಳ್ಳು. ಆ ಸಂದೇಶ ಕಳಿಸಿದವರಿಗೆ ಇದನ್ನೂ ಕಳಿಸಿ.